ಕನ್ನಂಬಾಡಿಯ ಲೆಕ್ಕದಲ್ಲಿ ಕಾಡಿನ ಸಾಲು

(ಮಲೆನಾಡಿನ ಪರಿಸರ ಕಾರ್ಯಕರ್ತರ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಜೂನ್ ತಿಂಗಳು ಬಂತೆಂದರೆ ಮಂಡ್ಯ ಜಿಲ್ಲೆಯ ರೈತ ಬೆಳಗಿನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ನಾಲ್ಕೈದು ಅಂಕಿಗಳನ್ನು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಸಂಗ್ರಹ ಎಷ್ಟು ಟಿಎಂಸಿ. ಒಟ್ಲು ಬಿಡುವುದೋ ಬೇಡವೋ, ಕಬ್ಬಿನ ಕೂಳೆಯನ್ನು ಉಳಿಸಿಕೊಳ್ಳುವುದೋ ಕೀಳುವುದೋ, ಸೊಸೈಟಿಯ ಸಾಲವನ್ನು ಈ ವರ್ಷ ತೀರಿಸಲಾದೀತೋ ಇಲ್ಲವೋ ಎಂಬುದೆಲ್ಲ ಆ ಅಂಕಿಗಳನ್ನು ನೋಡಿಯೇ ನಿರ್ಧಾರವಾಗುತ್ತದೆ. 2023ರಲ್ಲಿ ಜಲಾಶಯ ತುಂಬಲಿಲ್ಲ. ನಾಲೆಗಳಿಗೆ ನೀರು ಬಿಡುವ ವಿಚಾರದಲ್ಲಿ ಬೀದಿಯಲ್ಲಿ ಹೋರಾಟ ನಡೆಯಿತು. 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ತಿಂಗಳು ಮುಗಿಯುವ ಮೊದಲೇ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು.

ಈ ಅಂಕಿಗಳ ಪೈಕಿ ‘ಒಳಹರಿವು’ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ. ಜಲಾಶಯಕ್ಕೆ ನೀರು ಎಲ್ಲಿಂದಲೋ ಬರುತ್ತದೆ ಎಂಬಷ್ಟೇ ಅರ್ಥ ಆ ಪದಕ್ಕಿದೆ. ತಲಕಾವೇರಿಯ ಶೋಲಾ, ಮೂಡಿಗೆರೆ ಸೀಮೆಯಲ್ಲಿ ಹೇಮಾವತಿ ಹುಟ್ಟುವ ಹುಲ್ಲುಗಾವಲು, ದಕ್ಷಿಣ ಕೊಡಗಿನಲ್ಲಿ ಲಕ್ಷ್ಮಣತೀರ್ಥ ಇಳಿದು ಬರುವ ಕಾಡು, ಇವುಗಳ ನೀರೆಲ್ಲ ಕನ್ನಂಬಾಡಿಯ ಹಿನ್ನೀರಿನಲ್ಲಿ ಕೂಡುತ್ತದೆ. ಆದರೆ ನೀರನ್ನು ಹಿಡಿದು, ಇಂಗಿಸಿ, ತಡೆತಡೆದು ಬಿಟ್ಟ ಆ ಕಾಡು ಹುಲ್ಲುಗಳ ಸ್ಥಿತಿಗತಿಯನ್ನು ತಿಳಿಸುವ ಅಂಕಿ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಅಂಗಡಿಯ ಲೆಕ್ಕದಲ್ಲಿ ಗಲ್ಲಾಪೆಟ್ಟಿಗೆಯ ಹಣವನ್ನು ದಿನವೂ ಎಣಿಸಿ, ಮೂಲ ಬಂಡವಾಳವನ್ನು ಎಂದೂ ನೋಡದೆ ಇರುವ ವರ್ತಕನ ಸ್ಥಿತಿ ಇದು.

ಬಂಡವಾಳವನ್ನೂ ಎಣಿಸಬೇಕು ಎಂಬ ಮಾತು ಜಗತ್ತಿನ ಮಟ್ಟದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು 2005ರಲ್ಲಿ. ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರು 2000ದಲ್ಲಿ ಕರೆಕೊಟ್ಟ ‘ಸಹಸ್ರಮಾನದ ಜೀವಿಪರಿಸರ ಮೌಲ್ಯಮಾಪನ’ 2001ರಿಂದ 2005ರವರೆಗೆ ನಡೆಯಿತು. 1,360 ತಜ್ಞರು ಅದರಲ್ಲಿ ಪಾಲ್ಗೊಂಡಿದ್ದರು. ನಿಸರ್ಗದಿಂದ ಮನುಷ್ಯನಿಗೆ ದೊರೆಯುವುದನ್ನೆಲ್ಲ ಅವರು ‘ಸೇವೆ’ ಎಂದು ಕರೆದರು. ಅನ್ನ, ನೀರು, ಸೌದೆ, ಮೇವು, ಔಷಧಿ ಇವು ಒದಗಿಸುವ ಸೇವೆಗಳು. ನೆರೆಯನ್ನು ತಗ್ಗಿಸುವುದು, ನೀರನ್ನು ಶುದ್ಧಗೊಳಿಸುವುದು, ಹೂವಿನ ಪರಾಗಸ್ಪರ್ಶ, ಹವೆಯನ್ನು ಹದದಲ್ಲಿಡುವುದು, ಇವು ನಿಯಂತ್ರಿಸುವ ಸೇವೆಗಳು. ದೇವರು, ಜಾತ್ರೆ, ಸೊಬಗು, ನೆಮ್ಮದಿ ಇವು ಸಾಂಸ್ಕೃತಿಕ ಸೇವೆಗಳು. ಮಣ್ಣು ಹುಟ್ಟುವುದು, ಪೋಷಕಾಂಶಗಳು ತಿರುಗುವುದು ಇತರ ಎಲ್ಲವುಗಳಿಗೂ ಆಧಾರವಾದ ಸೇವೆಗಳು. ಪರಿಶೀಲನೆಗೆ ಒಳಪಟ್ಟ 24 ಸೇವೆಗಳಲ್ಲಿ 15 ಸವೆಯುತ್ತಿವೆ ಎಂಬುದು ಆ ವರದಿಯ ತೀರ್ಮಾನ. ‘ಸೇವೆ’ ಎಂಬ ಪದ ಅನೇಕರಿಗೆ ಹಿತವೆನಿಸಲಿಲ್ಲ. ನದಿಯು ಮನುಷ್ಯನ ಆಳಲ್ಲ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಆದರೂ ಕಡತದ ಭಾಷೆಯನ್ನು ಬಿಟ್ಟು ಬೇರೆ ಭಾಷೆ ತಿಳಿಯದ ಕಚೇರಿಗಳ ಮುಂದೆ ನಿಲ್ಲುವಾಗ ಆ ಪದಕ್ಕೆ ಉಪಯೋಗವಿದೆ.

ಭಾರತವೂ ಈ ದಾರಿಯಲ್ಲಿ ಕೆಲವು ಹೆಜ್ಜೆ ನಡೆದಿದೆ. ಕೇಂದ್ರದ ಸಾಂಖ್ಯಿಕ ಸಚಿವಾಲಯ 2018ರಿಂದ ‘ಎನ್ವಿಸ್ಟ್ಯಾಟ್ಸ್ ಇಂಡಿಯಾ’ ಎಂಬ ಪ್ರಕಟಣೆಯಲ್ಲಿ ಪರಿಸರದ ಲೆಕ್ಕಪತ್ರಗಳನ್ನು ಹೊರತರಲಾರಂಭಿಸಿತು. 2021ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ ಜೀವಿಪರಿಸರದ ಲೆಕ್ಕ ಇಡುವ ಅಂತರರಾಷ್ಟ್ರೀಯ ಪದ್ಧತಿಯೊಂದನ್ನು ಅಂಗೀಕರಿಸಿತು. ಇಡೀ ದೇಶದ ಕಾಡು, ನೀರು, ಮಣ್ಣು, ಹೊಲಗಳನ್ನು ಒಂದು ಕೋಷ್ಟಕದಲ್ಲಿ ತರುವ ಕೆಲಸ ದೊಡ್ಡದೇ. ಆದರೆ ದೇಶದ ಸರಾಸರಿಯೊಳಗೆ ನಾಗಮಂಗಲದ ಒಂದು ಕಟ್ಟೆ ಎಲ್ಲಿ ಕಾಣಿಸೀತು? ಆದುದರಿಂದ ಕಾವೇರಿಯ ಕೆಳಗಿನ ಹಾದಿಯ ನಾಲ್ಕು ತಾಲ್ಲೂಕುಗಳನ್ನು, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕ ಎಲ್ಲಿ ಸಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡುವುದು ಈ ಉಪನ್ಯಾಸದ ಉದ್ದೇಶ. ಒಂದೇ ಜಿಲ್ಲೆಯ, ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳಿವು. ಎರಡು ನಾಲೆಯ ಸೀಮೆ, ಒಂದು ಅರ್ಧ ಹೊಳೆಯ ಸೀಮೆ, ಇನ್ನೊಂದು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಸೀಮೆ.

ಶ್ರೀರಂಗಪಟ್ಟಣದಿಂದ ಆರಂಭಿಸಬಹುದು. 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದನ್ನು ಕಟ್ಟಿಸಿದರು. ಉದ್ದೇಶ ನೀರಾವರಿ. ಕಟ್ಟೆಯ ಹಿಂದೆ ನೀರು ಏರಿದಾಗ ನದಿಯ ಪಾತ್ರದ ದಿಣ್ಣೆಗಳು ನಡುಗಡ್ಡೆಗಳಾದವು. ನಡುಗಡ್ಡೆಗಳ ಮೇಲೆ ಮರಗಳು, ಮರಗಳ ಮೇಲೆ ಹಕ್ಕಿಗಳು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯ್ಕಳಕ, ಚಮಚಕೊಕ್ಕು, ನದಿ ರೀವಗಳಿಗೂ, ಮೊಸಳೆಗೂ, ನೀರುನಾಯಿಗೂ ಆಶ್ರಯ ಕೊಡುವ ಈ ತಾಣ 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ಜೌಗುಪ್ರದೇಶವಾಯಿತು. (ಮಲೆನಾಡಿನಿಂದ ಕಡಲಿಗೆ ಇಳಿಯುವ ಅಘನಾಶಿನಿಯ ಅಳಿವೆಗೆ ಆ ಮನ್ನಣೆ ದೊರೆತದ್ದು 2024ರಲ್ಲಿ.)

ಪರಿಸರವಾದಿಗಳು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಮನುಷ್ಯನ ಕೈ ಸೋಕದ ಅರಣ್ಯ ಮಾತ್ರ ನಿಸರ್ಗ ಎಂಬ ಭಾವನೆ ಹೋರಾಟಗಾರರಲ್ಲಿ ಆಗಾಗ ಇಣುಕುತ್ತದೆ. ರಂಗನತಿಟ್ಟು ಹುಟ್ಟಿದ್ದು ರೈತನಿಗಾಗಿ ಕಟ್ಟಿದ ಒಡ್ಡಿನಿಂದ. ಒಂದು ಒಡ್ಡು ಗದ್ದೆಗೆ ನೀರನ್ನೂ ಹಕ್ಕಿಗೆ ನೆಲೆಯನ್ನೂ ಒಟ್ಟಿಗೆ ಕೊಟ್ಟಿತು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಕೊಡುತ್ತಲೇ ಬಂದಿದೆ. ಆದರೆ ಅದೇ ಹೊಳೆಯಲ್ಲಿ ಮೇಲೆ ಎದ್ದ ದೊಡ್ಡ ಅಣೆಕಟ್ಟೆ ಹರಿವಿನ ಕ್ರಮವನ್ನೇ ಬದಲಾಯಿಸಿತು. ಜಲಾಶಯದಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟ ವರ್ಷ ನಡುಗಡ್ಡೆಗಳು ಮುಳುಗುತ್ತವೆ, ದಂಡೆ ಕೊರೆಯುತ್ತದೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಕುಸಿಯುವ ನಡುಗಡ್ಡೆಗಳನ್ನು ಮರಳಿನ ಚೀಲ ಪೇರಿಸಿ ಹಿಡಿದಿಡಬೇಕಾಗುತ್ತದೆ. ಮೂಟೆ ಪೇರಿಸುವ ಖರ್ಚು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಬರುತ್ತದೆ. ಅದಕ್ಕೆ ಕಾರಣವಾದ ನೀರಿನ ನಿರ್ವಹಣೆ ಇನ್ನೊಂದು ಇಲಾಖೆಯದು.

ಪ್ರವಾಸಿಗಳ ದೋಣಿವಿಹಾರದ ಟಿಕೆಟ್ಟಿನಿಂದ ಬರುವ ಹಣವನ್ನು ಎಣಿಸುವುದು ಸುಲಭ. ಆದುದರಿಂದ ರಂಗನತಿಟ್ಟಿನ ‘ಬೆಲೆ’ ಎಂದರೆ ಆ ಹಣವೆಂದೇ ವಾಡಿಕೆ. ಹಕ್ಕಿಯ ಹಿಕ್ಕೆಯಿಂದ ನೀರಿಗೆ ಸೇರುವ ಗೊಬ್ಬರ, ಅದರಿಂದ ಹೆಚ್ಚುವ ಮೀನು, ಆ ಮೀನನ್ನು ಹಿಡಿದು ಬದುಕುವ ಬೆಸ್ತರ ಮನೆಗಳು, ಗದ್ದೆಯ ಹುಳುವನ್ನು ಹೆಕ್ಕುವ ಬೆಳ್ಳಕ್ಕಿಯ ಕೂಲಿ, ಇವುಗಳಿಗೆ ಟಿಕೆಟ್ಟಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆಯ ಹಿಕ್ಕೆಯನ್ನು ಗೊಬ್ಬರವಾಗಿ ಬಳಸಿದವರು, ಹುಣಸೆಮರದ ಫಲಕ್ಕಿಂತ ಗೂಡನ್ನು ದೊಡ್ಡದೆಂದು ಭಾವಿಸಿದವರು. ಅಲ್ಲಿ ಮೌಲ್ಯಮಾಪನ ಯಾವ ವರದಿಗೂ ಮೊದಲೇ ನಡೆದಿತ್ತು.

ಅದೇ ಹೊಳೆ ಇನ್ನೆರಡು ಮೈಲಿ ಕೆಳಗೆ ಪಶ್ಚಿಮವಾಹಿನಿ, ಗೋಸಾಯಿಘಾಟ್, ನಿಮಿಷಾಂಬಾ, ಸಂಗಮಗಳನ್ನು ಮುಟ್ಟುತ್ತದೆ. ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ವಿಸರ್ಜಿಸಲಾಯಿತು. ಇಂದಿಗೂ ದೂರದೂರದಿಂದ ಜನ ಅಸ್ಥಿ ಬಿಡಲು ಇಲ್ಲಿಗೆ ಬರುತ್ತಾರೆ. ವರದಿಗಳ ಭಾಷೆಯಲ್ಲಿ ಇದು ಸಾಂಸ್ಕೃತಿಕ ಸೇವೆ. ಬಿಟ್ಟ ಬಟ್ಟೆ, ಪ್ಲಾಸ್ಟಿಕ್, ಮಡಕೆಯ ಚೂರುಗಳನ್ನು ಹೊಳೆ ಹೊತ್ತುಕೊಂಡು ಹೋಗಬೇಕಾದದ್ದು ಶುದ್ಧೀಕರಣದ ಸೇವೆ. ಒಂದು ಸೇವೆ ಮಿತಿಮೀರಿದಾಗ ಇನ್ನೊಂದನ್ನು ತಿನ್ನುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ. ನೀರು ಪವಿತ್ರವಾದುದರಿಂದಲೇ ಕೊಳೆಯುತ್ತಿದೆ ಎಂದರೆ ಭಕ್ತರಿಗೆ ನೋವಾಗಬಹುದು; ಆದರೂ ಸಂಗತಿ ಅದೇ.

ಪಾಂಡವಪುರದ ಕಥೆ ಬೇರೆ. ಹಿಂದೆ ಹಿರೋಡೆ ಎಂದೂ, ಟಿಪ್ಪುವಿನ ಕಾಲದ ಫ್ರೆಂಚ್ ಸೈನಿಕರಿಂದಾಗಿ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡ ಊರಿದು. ಹೆಸರಿನಲ್ಲೇ ಬಂಡೆ ಇತ್ತು. ತಾಲ್ಲೂಕಿನ ಒಂದು ಪಾಲು ವಿಶ್ವೇಶ್ವರಯ್ಯ ನಾಲೆಯ ಹಸಿರು. ಇನ್ನೊಂದು ಪಾಲು ಕುಂತಿಬೆಟ್ಟ, ಬೇಬಿಬೆಟ್ಟ, ಮೇಲುಕೋಟೆಗಳ ಕಲ್ಲು ಮತ್ತು ಕುರುಚಲು. ನಡುವೆ ತೊಣ್ಣೂರು ಕೆರೆ. ರಾಮಾನುಜಾಚಾರ್ಯರ ಹೆಸರಿನೊಡನೆ ತಳುಕು ಹಾಕಿಕೊಂಡ, ಮೋತಿ ತಲಾಬ್ ಎಂದೂ ಕರೆಯಿಸಿಕೊಂಡ ಈ ಕೆರೆ ಎರಡು ಬೆಟ್ಟಗಳ ನಡುವಿನ ಕಣಿವೆಗೆ ಏರಿ ಹಾಕಿ ಮಾಡಿದ್ದು. ನೀರಿನ ತಿಳಿಗೆ ಹೆಸರಾಗಿದೆ. ತಿಳಿಯಾಗಿರುವುದಕ್ಕೆ ಕಾರಣ ಸುತ್ತಲಿನ ಬೆಟ್ಟದ ನೆಲ. ಬೆಟ್ಟದ ಹುಲ್ಲು ಕುರುಚಲು ಕಿತ್ತುಹೋದರೆ ಮೊದಲು ಕಳೆದುಹೋಗುವುದು ಆ ತಿಳಿಯೇ.

ಬೇಬಿಬೆಟ್ಟದಲ್ಲಿ ನಡೆದದ್ದು ಅದಕ್ಕಿಂತ ದೊಡ್ಡದು. ಬೆಟ್ಟದ ಸುತ್ತಲಿನ ನೆಲಕ್ಕೆ ಬೇಬಿಬೆಟ್ಟದ ಕಾವಲು ಎಂದು ಹೆಸರು. ಕಾವಲು ಎಂದರೆ ದನ ಮೇಯುವ ನೆಲ. ಈ ಬೆಟ್ಟದ ಬುಡದ ದನಗಳ ಜಾತ್ರೆ ಹಳೇ ಮೈಸೂರು ಸೀಮೆಯಲ್ಲಿ ಹೆಸರಾದದ್ದು. ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ಕಟ್ಟುವ ಚಪ್ಪರಗಳನ್ನು ನೋಡಲೆಂದೇ ಜನ ಬರುತ್ತಾರೆ. ಅದೇ ಬೆಟ್ಟದ ಆಸುಪಾಸಿನಲ್ಲಿ ವರ್ಷಾನುಗಟ್ಟಲೆ ಕಲ್ಲುಗಣಿಗಳು ನಡೆದವು, ಕ್ರಷರ್‌ಗಳು ಎದ್ದವು. ಸಿಡಿಮದ್ದಿನ ಸದ್ದು ಕನ್ನಂಬಾಡಿ ಅಣೆಕಟ್ಟೆಗೆ ಅಪಾಯ ತಂದೀತೇ ಎಂಬ ಪ್ರಶ್ನೆ 2018ರಲ್ಲಿ ಭಾರೀ ಶಬ್ದ ಕೇಳಿಬಂದ ಬಳಿಕ ತೀವ್ರವಾಯಿತು. 2024ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ, ಅಧ್ಯಯನ ಮುಗಿಯುವವರೆಗೆ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆ ನಡೆಸಕೂಡದೆಂದು ಆದೇಶಿಸಿತು.

ಆದೇಶ ಸ್ವಾಗತಾರ್ಹವೇ. ಆದರೆ ಅದರ ತರ್ಕವನ್ನು ಗಮನಿಸಬೇಕು. ಬೆಟ್ಟ ಉಳಿದದ್ದು ಅಣೆಕಟ್ಟೆಯ ಸಲುವಾಗಿ. ಬೆಟ್ಟದ ಸಲುವಾಗಿ ಅಲ್ಲ. ಇಪ್ಪತ್ತೊಂದನೆಯ ಕಿಲೋಮೀಟರಿನಲ್ಲಿರುವ ಬೆಟ್ಟಕ್ಕೆ ಹಾಗೆ ನೆರಳು ಕೊಡುವ ಅಣೆಕಟ್ಟೆ ಇಲ್ಲ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ, ಒಡೆದ ಪ್ರತಿ ಟನ್ ಕಲ್ಲಿಗೆ ಸರ್ಕಾರಕ್ಕೆ ರಾಜಧನ ಬರುತ್ತದೆ, ಅದು ಆದಾಯ. ಬೆಟ್ಟದಿಂದ ಇಳಿಯುತ್ತಿದ್ದ ಹಳ್ಳ ಬತ್ತಿದರೆ, ಮೇವಿನ ನೆಲ ಧೂಳಾದರೆ, ಕುರಿಗಾಹಿ ಇನ್ನೆರಡು ಮೈಲಿ ಹೆಚ್ಚು ನಡೆಯಬೇಕಾಗಿ ಬಂದರೆ ಅದನ್ನು ಯಾವ ಖಾತೆಗೂ ಖರ್ಚು ಬರೆಯುವುದಿಲ್ಲ. ಒಂದು ಬದಿಯನ್ನು ಮಾತ್ರ ಬರೆದ ಲೆಕ್ಕವೆಲ್ಲ ಲಾಭವನ್ನೇ ತೋರಿಸುತ್ತದೆ. ಸೇವೆಗಳ ಮೌಲ್ಯಮಾಪನ ಮಾಡಬೇಕಾದ ಮೊದಲ ಕೆಲಸ ಆ ಎರಡನೆಯ ಬದಿಯನ್ನು ತುಂಬುವುದು.

ನಾಲೆಯ ಬದಿಯಲ್ಲಿಯೂ ತುಂಬಬೇಕಾದ ಸಾಲುಗಳಿವೆ. 1911ರಲ್ಲಿ ಆರಂಭಗೊಂಡ ಅಣೆಕಟ್ಟೆ, ಮುಂದೆ ಹುಲಿಕೆರೆ ಸುರಂಗದ ಮೂಲಕ ಹರಿದ ನಾಲೆ ಮಂಡ್ಯ ಸೀಮೆಯ ಹಸಿವನ್ನು ನೀಗಿದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಸಿಗಾಲುವೆ ಇಲ್ಲದೆ ಕಬ್ಬು ಭತ್ತಗಳಿಗೆ ನೀರು ನಿಲ್ಲಿಸಿದ ತಗ್ಗು ನೆಲಗಳಲ್ಲಿ ಚೌಳು ಏರುತ್ತದೆ. ಹೊಲದ ಮೇಲೆ ಬಿಳಿ ಪುಡಿ ಕಂಡಾಗ ರೈತ ಅದನ್ನು ಗೊಬ್ಬರದಿಂದ ಮುಚ್ಚಲು ನೋಡುತ್ತಾನೆ. ಮಣ್ಣಿನ ಸೇವೆ ಹೀಗೆ ಸದ್ದಿಲ್ಲದೆ ನಿಂತುಹೋಗುತ್ತದೆ, ಇಳುವರಿಯ ಅಂಕಿ ಮಾತ್ರ ಗೊಬ್ಬರದ ಬಲದಿಂದ ಇನ್ನೂ ಕೆಲವು ವರ್ಷ ನಿಲ್ಲುತ್ತದೆ. ದೇಶದ ಲೆಕ್ಕದಲ್ಲಿ ಅದು ‘ಬೆಳೆ ಒದಗಿಸುವ ಸೇವೆ’ಯಾಗಿಯೇ ಕಾಣಿಸಿಕೊಳ್ಳುವ ಅಪಾಯವಿದೆ.

ಕೃಷ್ಣರಾಜಪೇಟೆಯನ್ನು ಮೊದಲು ಅತ್ತಿಕುಪ್ಪೆ ಎನ್ನುತ್ತಿದ್ದರು. ಹೇಮಾವತಿ ಇಲ್ಲಿ ಹಾದುಹೋಗುತ್ತದೆ. ಮಂದಗೆರೆ, ಹೇಮಗಿರಿಗಳ ಹಳೆಯ ಅಣೆಗಳು ಹೊಳೆಯನ್ನು ನಿಲ್ಲಿಸದೆ, ಒಂದಷ್ಟನ್ನು ನಾಲೆಗೆ ತಿರುಗಿಸಿ, ಮಿಕ್ಕದ್ದನ್ನು ತಮ್ಮ ಮೇಲಿಂದಲೇ ಹರಿಯಬಿಡುತ್ತವೆ. ಹೇಮಗಿರಿಯ ದನಗಳ ಜಾತ್ರೆ ಹೊಳೆಯ ದಡದಲ್ಲೇ ಸೇರುತ್ತದೆ. ಹೊಳೆ ಇಲ್ಲದಿದ್ದರೆ ಅಷ್ಟು ದನ ಕುಡಿಯುವುದೆಲ್ಲಿ? ಜಾತ್ರೆಯೊಂದು ಸಂಸ್ಕೃತಿಯೆಂದೂ ನೀರು ಸಂಪನ್ಮೂಲವೆಂದೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವ ವಿದ್ವಾಂಸರು ಹೇಮಗಿರಿಯ ದಡದಲ್ಲಿ ಒಂದು ಮಧ್ಯಾಹ್ನ ಕಳೆಯುವುದು ಒಳ್ಳೆಯದು.

ಈ ತಾಲ್ಲೂಕಿನ ನಾರಾಯಣದುರ್ಗ ಮತ್ತು ಪಾಂಡವಪುರ ಬದಿಯ ಮುದಿಬೆಟ್ಟ ಸೇರಿ ಮೇಲುಕೋಟೆ ವನ್ಯಧಾಮವಾಗಿದೆ. 1974ರಲ್ಲಿ ಘೋಷಿತವಾದ, 49.82 ಚದರ ಕಿಲೋಮೀಟರಿನ ಈ ಧಾಮ ಮುಖ್ಯವಾಗಿ ತೋಳಕ್ಕಾಗಿ ಮೀಸಲಾದದ್ದು. ಬಂಡೆಗಳ ನಡುವೆ ಸೈಕಾಸ್‌ನಂಥ ಪ್ರಾಚೀನ ಕುಲದ ಗಿಡವೂ ಇದೆ. ಮಲೆನಾಡಿನ ಕಣ್ಣಿಗೆ ಇದು ಕಾಡೇ ಅಲ್ಲ, ಮುಳ್ಳುಪೊದೆಯ ಬೋಳುಗುಡ್ಡ. ಈ ತಪ್ಪು ನೋಟ ಮಲೆನಾಡಿಗರಲ್ಲಿ ಮಾತ್ರವಲ್ಲ, ದೇಶದ ನೀತಿಯಲ್ಲಿಯೂ ಸೇರಿಕೊಂಡಿದೆ.

ಅದನ್ನು ವಿವರಿಸಲು ಕಾಡಿಗೆ ಬೆಲೆ ಕಟ್ಟಿದ ಪ್ರಕರಣವನ್ನು ನೋಡಬೇಕು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ, ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಪಡೆಯುವವರು ಕಾಡಿನ ‘ನಿವ್ವಳ ವರ್ತಮಾನ ಮೌಲ್ಯ’ವನ್ನು ತೆರಬೇಕೆಂದಿತು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ನೇತೃತ್ವದ ಸಮಿತಿ ಅದನ್ನು ಎಣಿಸುವ ಕ್ರಮವನ್ನು ಸೂಚಿಸಿತು. 2008ರ ಮಾರ್ಚ್‌ನಲ್ಲಿ ನ್ಯಾಯಾಲಯ ದರಗಳನ್ನು ನಿಗದಿಪಡಿಸಿತು: ಅತಿ ದಟ್ಟವಾದ ನಿತ್ಯಹರಿದ್ವರ್ಣ ಕಾಡಿಗೆ ಹೆಕ್ಟೇರಿಗೆ 10.43 ಲಕ್ಷ ರೂಪಾಯಿ, ವಿರಳವಾದ ಮುಳ್ಳುಕಾಡಿಗೆ 4.38 ಲಕ್ಷ ರೂಪಾಯಿ. ವನ್ಯಧಾಮವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ದರಗಳು ಪರಿಷ್ಕಾರಗೊಂಡವು. ತಾರತಮ್ಯದ ಕ್ರಮ ಹಾಗೆಯೇ ಉಳಿಯಿತು.

ಕಾಡಿಗೆ ಬೆಲೆಯೇ ಇಲ್ಲವೆಂಬ ಕಾಲಕ್ಕಿಂತ ಇದು ಮೇಲು. ಕುದುರೆಮುಖದ ಗಣಿಯನ್ನು ನಿಲ್ಲಿಸಲು 2005ರ ಕೊನೆಯವರೆಗೆ ಹೋರಾಡಿದವರು ಈ ಮಾತನ್ನು ಅಲ್ಲಗಳೆಯಲಾರರು. ಆದರೆ ಮೇಲುಕೋಟೆಯ ಗುಡ್ಡಗಳಲ್ಲಿ ಈ ದರಪಟ್ಟಿಯನ್ನು ಹಿಡಿದು ನಡೆದರೆ ವಿಚಿತ್ರವಾದ ಫಲಿತಾಂಶ ದೊರೆಯುತ್ತದೆ. ಧಾಮದ ಗಡಿಕಲ್ಲಿನ ಒಳಗಿನ ಮುಳ್ಳುಪೊದೆಗೆ ಐದು ಪಟ್ಟು ಬೆಲೆ. ಗಡಿಕಲ್ಲಿನ ಆಚೆಗಿನ ಅದೇ ಮುಳ್ಳುಪೊದೆ ಕಂದಾಯ ದಾಖಲೆಯಲ್ಲಿ ಗೋಮಾಳವಾಗಿದ್ದರೆ ಅರಣ್ಯವೇ ಅಲ್ಲ, ಬೆಲೆ ಶೂನ್ಯ. ತೋಳ ರಾತ್ರಿ ದಾಟುವುದು ಈ ಗಡಿಯನ್ನೇ. ಹಗಲು ಕುರಿ ಮೇಯುವುದೂ ಅಲ್ಲಿಯೇ. ಇನ್ನು ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ? 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಂತೆ ಅದು ಸರ್ಕಾರದ ನಿಧಿಗೆ ಸೇರಿ, ಎಲ್ಲೋ ಒಂದೆಡೆ ನೆಡುತೋಪಾಗುತ್ತದೆ. ಮೇವು ಕಳೆದುಕೊಂಡ ಕುರಿಗಾಹಿಗೆ ಆ ನೆಡುತೋಪಿನ ವಿಳಾಸವೂ ತಿಳಿಯುವುದಿಲ್ಲ. ಬೆಲೆ ಕಟ್ಟುವುದು ತಪ್ಪಲ್ಲ; ಬೆಲೆ ಕೊಟ್ಟವನಿಗೆ ಹಕ್ಕು ಸಿಕ್ಕಿತು, ಕಳೆದುಕೊಂಡವನಿಗೆ ರಸೀದಿಯೂ ಸಿಗಲಿಲ್ಲ ಎಂಬುದು ತಪ್ಪು.

ನಾಗಮಂಗಲಕ್ಕೆ ಬಂದರೆ ಲೆಕ್ಕ ಮತ್ತಷ್ಟು ಬಿಗಿಯಾಗುತ್ತದೆ. ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ತೆಂಗಿನ ಸೀಮೆ. ಹೇಮಾವತಿ ನಾಲೆಯ ನಾಗಮಂಗಲ ಶಾಖೆ ಒಂದು ಪಾಲಿಗೆ ತಲುಪುತ್ತದೆ. ಉಳಿದವರಿಗೆ ಕೆರೆ, ಕಟ್ಟೆ ಮತ್ತು ಕೊಳವೆಬಾವಿ. ಆದಿಚುಂಚನಗಿರಿಯ ತಪ್ಪಲಲ್ಲಿ 1981ರಲ್ಲಿ ಘೋಷಿತವಾದ 0.84 ಚದರ ಕಿಲೋಮೀಟರಿನ ಪುಟ್ಟ ನವಿಲುಧಾಮವಿದೆ, ಮಠದ ನೆರಳಿನಲ್ಲಿ ಉಳಿದ ಕುರುಚಲು ಅದು. ಈ ತಾಲ್ಲೂಕಿನ ಕಡೆಯಿಂದ ಇಳಿಯುವ ಲೋಕಪಾವನಿ ಪಾಂಡವಪುರವನ್ನು ಹಾದು ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಅಂದರೆ ಬರದ ತಾಲ್ಲೂಕೂ ನಾಲೆಯ ತಾಲ್ಲೂಕಿಗೆ ನೀರು ಕೊಟ್ಟದ್ದಿದೆ. ಈ ಋಣ ಯಾರ ನೆನಪಿನಲ್ಲಿಯೂ ಇದ್ದಂತಿಲ್ಲ.

ಹಿಂದೆ ಇಲ್ಲಿನ ಕೆರೆ ಏನೇನು ಮಾಡುತ್ತಿತ್ತು? ಅಚ್ಚುಕಟ್ಟಿಗೆ ನೀರು ಕೊಡುತ್ತಿತ್ತು. ಕೆಳಗಿನ ಬಾವಿಗಳಿಗೆ ಒಸರು ಕೊಡುತ್ತಿತ್ತು. ಬೇಸಗೆಯಲ್ಲಿ ಕೆರೆಯ ಗೋಡು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಮೀನು, ಜೊಂಡು, ಮಡಕೆಗೆ ಜೇಡಿ, ದನಕ್ಕೆ ನೀರು, ಏರಿಯ ಮೇಲಿನ ಹೊಂಗೆಯ ಹಿಂಡಿ, ಗೌರಿ ಗಣಪತಿಯನ್ನು ಬಿಡಲು ಒಂದು ಜಾಗ. ತೂಬಿನ ಬೀಗ ನೀರುಗಂಟಿಯ ಕೈಯಲ್ಲಿರುತ್ತಿತ್ತು, ಅವನಿಗೆ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಗಮನಿಸಿ, ನಿಸರ್ಗದ ಸೇವೆಯನ್ನು ಕಾಯುವವನಿಗೆ ಸಂಬಳ ಕೊಡುವ ವ್ಯವಸ್ಥೆ ಅಲ್ಲಿತ್ತು. ಕೋಸ್ಟಾರಿಕಾ ದೇಶ 1997ರಲ್ಲಿ ಇಂಧನದ ಮೇಲೆ ತೆರಿಗೆ ಹಾಕಿ ಕಾಡು ಉಳಿಸಿಕೊಂಡ ರೈತರಿಗೆ ಹಣ ಕೊಡಲಾರಂಭಿಸಿದಾಗ ಜಗತ್ತು ಅದನ್ನು ಹೊಸ ವಿಚಾರವೆಂದು ಕೊಂಡಾಡಿತು. (ಆ ನೀರುಗಂಟಿ ಯಾವ ಜಾತಿಯವನಾಗಿರಬೇಕೆಂಬುದನ್ನೂ, ಅಚ್ಚುಕಟ್ಟಿನಲ್ಲಿ ಅವನಿಗೆ ಸ್ವಂತ ಗದ್ದೆ ಇತ್ತೇ ಎಂಬುದನ್ನೂ ಕೇಳದೆ ಹಳೆಯದನ್ನು ಹೊಗಳುವುದು ಸಲ್ಲದು.)

ಕೊಳವೆಬಾವಿ ಬಂದ ಮೇಲೆ ಕೆರೆಯ ಮೇಲಿನ ಕಣ್ಣು ಸರಿಯಿತು. ಕೆರೆಗೆ ನೀರು ತರುತ್ತಿದ್ದ ಗೋಮಾಳಗಳು ಒತ್ತುವರಿಯಾದವು. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಜ್ಯದ ಬಯಲುಸೀಮೆಯ ಗೋಮಾಳಗಳಿಗೆಲ್ಲ ನೀಲಗಿರಿ ಬಂತು. ಅರ್ಥಶಾಸ್ತ್ರದಲ್ಲಿ ‘ಬದಲಿ ವೆಚ್ಚ’ ಎಂಬ ವಿಧಾನವೊಂದಿದೆ: ನಿಸರ್ಗ ಬಿಟ್ಟಿಯಾಗಿ ಕೊಡುತ್ತಿದ್ದುದು ನಿಂತಾಗ ಅದರ ಬದಲಿಗೆ ಮನುಷ್ಯ ಎಷ್ಟು ಹಣ ತೆರುತ್ತಾನೆ ಎಂಬುದೇ ಆ ಸೇವೆಯ ಕನಿಷ್ಠ ಬೆಲೆ. ನಾಗಮಂಗಲದಲ್ಲಿ ಈ ಬೆಲೆಯನ್ನು ತಿಳಿಯಲು ತಜ್ಞರ ತಂಡ ಬೇಕಾಗಿಲ್ಲ. ಕೊರೆಸಿದ ಅಡಿಗೆ ಇಷ್ಟು, ಕೇಸಿಂಗ್ ಪೈಪಿಗೆ ಇಷ್ಟು, ಮೋಟಾರಿಗೆ ಇಷ್ಟು, ವಿಫಲವಾದ ಬಾವಿಗಳ ಸಾಲ ಇಷ್ಟು ಎಂದು ಪ್ರತಿ ಮನೆಯಲ್ಲಿಯೂ ಲೆಕ್ಕವಿದೆ. ಕುಡಿಯುವ ನೀರಿಗೆ ಹಳ್ಳಿಯ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಬೇಕು. ಕ್ಯಾನು ಹೊರುವ ಹೆಂಗಸಿನ ಹೊತ್ತಿಗೆ ಮಾತ್ರ ಇನ್ನೂ ದರ ನಿಗದಿಯಾಗಿಲ್ಲ.

ಈ ವಿಧಾನದ ದೊಡ್ಡ ಉದಾಹರಣೆಯೆಂದು ನ್ಯೂಯಾರ್ಕ್ ನಗರವನ್ನು ಹೆಸರಿಸುವುದು ರೂಢಿ. ನೀರು ಸೋಸುವ ಸ್ಥಾವರಕ್ಕೆ ಹಲವು ಶತಕೋಟಿ ಡಾಲರ್ ತಗಲುವುದೆಂದು ತಿಳಿದಾಗ, ಆ ನಗರ 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಜನರೊಡನೆ ಒಪ್ಪಂದ ಮಾಡಿಕೊಂಡು, ಅದಕ್ಕಿಂತ ಬಹಳ ಕಡಿಮೆ ಹಣವನ್ನು ಬೆಟ್ಟದ ನೆಲ ಕಾಡುಗಳ ರಕ್ಷಣೆಗೆ ತೊಡಗಿಸಿತು. ಬೆಂಗಳೂರು ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಆರಂಭವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚಿತು. ಪೈಪಿಗೆ, ಪಂಪಿಗೆ, ವಿದ್ಯುತ್ತಿಗೆ ನಗರ ಹಣ ತೆರುತ್ತದೆ. ನೀರಿನ ಬಿಲ್ಲಿನಲ್ಲಿ ಕೊಡಗಿನ ಕಾಡಿಗೂ ಮಂಡ್ಯದ ಕೆರೆಗೂ ಸಾಲಿಲ್ಲ.

ಸಾಲು ಇರುವುದು ಒಂದೇ ಕಡೆ. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ನದಿಯ 740 ಟಿಎಂಸಿ ನೀರನ್ನು ಹಂಚಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನದನ್ನು 404.25ಕ್ಕೆ ಇಳಿಸಿತು. ಈ ಅಂಕಿಗಳನ್ನು ಎರಡೂ ರಾಜ್ಯಗಳ ಮಕ್ಕಳೂ ಬಲ್ಲರು. ತೀರ್ಪಿನಲ್ಲಿ ಇನ್ನೆರಡು ಅಂಕಿಗಳಿವೆ: ಪರಿಸರ ರಕ್ಷಣೆಗೆ 10 ಟಿಎಂಸಿ, ಕಡಲಿಗೆ ಅನಿವಾರ್ಯವಾಗಿ ಹರಿದುಹೋಗುವ 4 ಟಿಎಂಸಿ. ಒಟ್ಟು ನೀರಿನ ನೂರರಲ್ಲಿ ಎರಡು ಪಾಲೂ ಇಲ್ಲ. ರಂಗನತಿಟ್ಟಿನ ಗೂಡು, ಸಂಗಮದ ಶುದ್ಧಿ, ಹೇಮಗಿರಿಯ ದಡ, ಬೆಸ್ತರ ಬಲೆ, ಕಡಲ ಅಳಿವೆಯ ಮೀನು ಇಷ್ಟೂ ಆ ಪಾಲಿನಲ್ಲಿ ಬದುಕಬೇಕು. ಅದರ ಪರವಾಗಿ ಯಾವ ರಾಜ್ಯವೂ ವಕೀಲರನ್ನು ನಿಲ್ಲಿಸಿಲ್ಲ.

ಹಾಗಾದರೆ ಮಲೆನಾಡು ಮಂಡ್ಯಕ್ಕೆ ಬಿಲ್ಲು ಕಳುಹಿಸಬೇಕೇ? ಕೆಲವರು ಹಾಗೆ ವಾದಿಸುತ್ತಾರೆ. ಅದಕ್ಕೆ ಮುನ್ನ ಎರಡು ಮಾತುಗಳನ್ನು ಯೋಚಿಸಬೇಕು. ಕಾಡು ಮಳೆ ತರುತ್ತದೆ ಎಂಬ ಘೋಷಣೆ ಸುಲಭ, ಸತ್ಯ ಅಷ್ಟು ಸುಲಭವಲ್ಲ. ಘಟ್ಟಕ್ಕೆ ಮಳೆ ತರುವುದು ಮುಖ್ಯವಾಗಿ ಮುಂಗಾರು ಮಾರುತ. ಬಿದ್ದ ಮಳೆಯನ್ನು ಮಣ್ಣಿನೊಳಗೆ ಇಳಿಸಿ ಜನವರಿ ಫೆಬ್ರವರಿಯವರೆಗೆ ಹಳ್ಳಗಳಲ್ಲಿ ಹರಿಸುವುದು, ಮಣ್ಣನ್ನು ಹಿಡಿದಿಡುವುದು ಕಾಡಿನ ನಿಜವಾದ ಸೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹಾರಂಗಿ ಜಲಾಶಯದಲ್ಲಿ ಹೂಳು ತುಂಬಿತು; ಆ ನೀರು ಮುಂದೆ ಸೇರುವುದು ಕನ್ನಂಬಾಡಿಯನ್ನೇ. ಅಕೇಶಿಯಾ ತೋಪು, ನೆರಳುಮರ ಕಡಿದು ಸಿಲ್ವರ್ ಓಕ್ ನೆಟ್ಟ ತೋಟ, ಗುಡ್ಡ ಕೊರೆದು ಕಟ್ಟಿದ ರೆಸಾರ್ಟು ಇವು ಆ ಸೇವೆಯನ್ನು ಮಾಡುತ್ತವೆಯೇ? ಬಿಲ್ಲು ಕಳುಹಿಸುವ ಮಲೆನಾಡು ತನ್ನ ಮನೆಯ ಈ ಲೆಕ್ಕವನ್ನೂ ತೋರಿಸಬೇಕಾಗುತ್ತದೆ.

ಎರಡನೆಯದು, ಮಂಡ್ಯವೆಂದರೆ ಒಂದೇ ಅಲ್ಲ. ಬಿಲ್ಲು ತೆರುವವರು ಯಾರು? ನಾಲೆಯ ಮೊದಲ ಭಾಗದಲ್ಲಿ ಎರಡು ಬೆಳೆ ತೆಗೆಯುವವರೇ, ಕೊನೆಯ ಭಾಗದಲ್ಲಿ ನೀರಿಗಾಗಿ ರಾತ್ರಿ ಕಾಯುವವರೇ, ನಾಗಮಂಗಲದಲ್ಲಿ ಮೂರನೆಯ ಕೊಳವೆಬಾವಿಗೆ ಸಾಲ ಮಾಡಿದವರೇ? ಬಯಲಿನ ಬಡವರಿಂದ ವಸೂಲಿ ಮಾಡಿ ಘಟ್ಟದ ದೊಡ್ಡ ಪ್ಲಾಂಟರಿಗೆ ಕೊಡುವ ವ್ಯವಸ್ಥೆಯನ್ನು ಪರಿಸರದ ಹೆಸರಿನಲ್ಲಿ ಯಾರೂ ಬೆಂಬಲಿಸಲಾಗದು. ಮೊದಲು ತೆರಬೇಕಾದವರು ನೀರನ್ನು ಪೈಪಿನಲ್ಲಿ ಕೊಂಡೊಯ್ಯುವ ನಗರ, ಕೈಗಾರಿಕೆ ಮತ್ತು ಕಲ್ಲಿನಿಂದ ರಾಜಧನ ಪಡೆಯುವ ಸರ್ಕಾರ.

ಕೆಲಸ ಆರಂಭಿಸಲು ಹೊಸ ಕಾಯ್ದೆ ಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯ್ತಿಯಲ್ಲಿ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಈ ದಾಖಲಾತಿಯ ಕಲ್ಪನೆಗೆ ದುಡಿದ ಮಾಧವ ಗಾಡ್ಗೀಳರಿಗೆ ಮಲೆನಾಡಿನ ನಂಟು ಹಳೆಯದು. ಅನೇಕ ಕಡೆ ದಾಖಲಾತಿಯೆಂದರೆ ಗಿಡ ಪಕ್ಷಿಗಳ ಹೆಸರಿನ ಪಟ್ಟಿಯಾಗಿ, ಗುತ್ತಿಗೆಯ ಮೇಲೆ ತುಂಬಿ, ಬೀರುವಿನಲ್ಲಿ ಇಟ್ಟದ್ದಾಗಿದೆ. ಅದೇ ಪುಸ್ತಕದಲ್ಲಿ ಬೇರೆ ರೀತಿಯ ಸಾಲುಗಳನ್ನು ಬರೆಯಬಹುದು: ತೊಣ್ಣೂರಿನ ಸುತ್ತ ಯಾವ ಗುಡ್ಡದ ನೀರು ಯಾವ ಹಳ್ಳದಿಂದ ಇಳಿಯುತ್ತದೆ, ಬೇಬಿಬೆಟ್ಟದ ಕಾವಲಿನಲ್ಲಿ ಎಷ್ಟು ಮನೆಗಳ ದನ ಮೇಯುತ್ತವೆ, ನಾಗಮಂಗಲದ ಯಾವ ಕೆರೆ ಕೋಡಿ ಬಿದ್ದು ಎಷ್ಟು ವರ್ಷವಾಯಿತು, ಹೇಮಾವತಿಯ ಮಡುಗಳಲ್ಲಿ ಯಾವ ಮೀನು ಸಿಗುವುದು ನಿಂತಿತು ಎಂಬುದನ್ನು.

ಮಲೆನಾಡಿನ ಪಂಚಾಯ್ತಿಗಳು ಇದಕ್ಕೆ ಜೋಡಿಯಾಗಿ ಒಂದೇ ಒಂದು ಸಂಗತಿಯನ್ನು ದಾಖಲಿಸುತ್ತ ಬಂದರೆ ಸಾಕು. ಊರಿನ ಪ್ರತಿ ಹಳ್ಳದ ಹರಿವು ಬೇಸಗೆಯಲ್ಲಿ ನಿಂತ ದಿನ ಯಾವುದು, ಮಳೆಗಾಲದಲ್ಲಿ ಮತ್ತೆ ಆರಂಭವಾದ ದಿನ ಯಾವುದು. ಹತ್ತು ವರ್ಷದ ಇಂಥ ದಿನಾಂಕಗಳನ್ನು ಕನ್ನಂಬಾಡಿಯ ಒಳಹರಿವಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಯಾವ ಕಾಡು ಏನು ಮಾಡುತ್ತಿತ್ತೆಂಬುದನ್ನು ಮಂಡ್ಯದ ರೈತನಿಗೆ ಬಿಡಿಸಿ ಹೇಳಬಹುದು. ಗೋಡೆಯ ಮೇಲೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲಿ ಎಮ್ಮೆ ಈದ ದಿನವನ್ನೂ ಹಾಲಿನ ಲೆಕ್ಕವನ್ನೂ ಗುರುತಿಸುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹಳ್ಳ ನಿಂತ ದಿನಕ್ಕೂ ಅದೇ ಚೌಕದಲ್ಲಿ ಜಾಗವಿದೆ.